ಐದಕ್ಕೆ ಐದು ಕೊಡುತ್ತಿದ್ದ ಅಪ್ಪ

ಮೊನ್ನೆ ಒಂದನೇ ತಾರೀಖು, ಅಡುಗೆಮನೆ ಬಾಗಿಲ ಪಕ್ಕದ ಕ್ಯಾಲೆಂಡರಿನಿಂದ ಹೋದ ತಿಂಗಳ ಹಾಳೆ ಹರಿಯುತ್ತಿದ್ದೆ. ಹನ್ನೊಂದರ ಮೇಲೆ ಕಿತ್ತಳೆ ಬಣ್ಣದ ಒಂದು ಪುಟ್ಟ ಚೀಟಿ ಅಂಟಿತ್ತು, ಇಪ್ಪತ್ತಮೂರರ ಮೇಲೆ ಇನ್ನೊಂದು. ಅವು ಏಕಾದಶಿಯೂ ಅಲ್ಲ, ಸಂಕಷ್ಟಿಯೂ ಅಲ್ಲ, ಗ್ಯಾಸ್ ಸಿಲಿಂಡರ್ ಬಂದ ದಿನಗಳೂ ಅಲ್ಲ. ಅದು ನಮ್ಮಪ್ಪನ ಕಿವಿಯ ಪಂಚಾಂಗ. ಕಿವಿಗೆ ಹಾಕುವ ಮಿಷನ್ನಿಗೆ ಬಟಾಣಿಯಷ್ಟು ದಪ್ಪದ ಬ್ಯಾಟರಿ ಬರುತ್ತದೆ, ನೀವು ನೋಡಿರಬಹುದು. ಅದರ ಬೆನ್ನಿಗೆ ಒಂದು ಚೀಟಿ ಅಂಟಿಸಿರುತ್ತಾರೆ. ಕಿತ್ತ ಮೇಲೆ ಗಾಳಿ ತಾಕಿ ಅದಕ್ಕೆ ಜೀವ ಬರುತ್ತದೆ. ಕಿತ್ತ ಚೀಟಿಯನ್ನು ಅಪ್ಪ ಆ ದಿನದ ಮೇಲೆ ಅಂಟಿಸುತ್ತಾರೆ, ಮುಂದಿನ ಬ್ಯಾಟರಿ ಯಾವಾಗ ಎಂದು ಗೊತ್ತಾಗಲಿ ಅಂತ. ಹಾಳೆಯನ್ನು ಕೈಯಲ್ಲಿ ಹಿಡಿದುಕೊಂಡು ನಾನು ಅಲ್ಲೇ ನಿಂತುಬಿಟ್ಟೆ. ಈ ಚೀಟಿಗಳು ನಮ್ಮ ಗೋಡೆಗೆ ಬರುವ ಮೊದಲಿನ ನಾಲ್ಕು ವರ್ಷ ನಾನು ಎಂಥ ಕತ್ತೆಯಾಗಿದ್ದೆ ಎಂಬುದು ನೆನಪಾಗಿ ನಗು ಬಂತು.

ನನ್ನ ಉದ್ಯೋಗದ ಬಗ್ಗೆ ಎರಡು ಮಾತು ಹೇಳದಿದ್ದರೆ ನನ್ನ ಕತ್ತೆತನದ ಪೂರ್ತಿ ರುಚಿ ನಿಮಗೆ ಸಿಗುವುದಿಲ್ಲ. ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ, ಒಂದು ಲೇತ್ ವರ್ಕ್‌ಶಾಪಿನ ಮಹಡಿಯ ಮೇಲೆ ನಮ್ಮ ಆಫೀಸು. ಕೆಳಗೆ ಕಬ್ಬಿಣ ಕಿರುಚುತ್ತಿರುತ್ತದೆ, ಮೇಲೆ ನಾವು ಕಿಟಕಿ ಮುಚ್ಚಿಕೊಂಡು ಧ್ವನಿಯ ಶುದ್ಧತೆಯ ಬಗ್ಗೆ ಮೀಟಿಂಗ್ ಮಾಡುತ್ತಿರುತ್ತೇವೆ. ಇಂಟರ್ನೆಟ್ ಮೇಲೆ ಫೋನ್ ಮಾತು ಸಾಗಿಸುವ ಆ್ಯಪ್ ನಮ್ಮದು. ಅದರಲ್ಲಿ ನನ್ನ ಪಾಲಿನ ಕೆಲಸ, ದಾರಿಯಲ್ಲಿ ಕಳೆದುಹೋದ ಮಾತನ್ನು ಈಚೆ ಕಡೆ ಹೇಗಾದರೂ ಹುಟ್ಟಿಸುವುದು.

ಅದು ಹೀಗೆ. ನೀವು ಫೋನಿನಲ್ಲಿ ಆಡುವ ಮಾತು ಇಡಿಯಾಗಿ ಹೋಗುವುದಿಲ್ಲ. ಒಂದು ಸೆಕೆಂಡನ್ನು ಐವತ್ತು ತುಂಡು ಮಾಡಿ, ಒಂದೊಂದು ತುಂಡಿಗೂ ನಂಬರ್ ಬರೆದು, ಒಂದೊಂದನ್ನೂ ಬೇರೆ ಬೇರೆ ಆಟೋ ಹತ್ತಿಸಿ ಕಳಿಸಿದಂತೆ. ಬಹಳಷ್ಟು ಆಟೋಗಳು ತಲುಪುತ್ತವೆ. ಕೆಲವು ಮಾಗಡಿ ರಸ್ತೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳುತ್ತವೆ. ತಡವಾಗಿ ಬಂದದ್ದೂ ಬರದೇ ಹೋದದ್ದೂ ನಮಗೆ ಒಂದೇ, ಏಕೆಂದರೆ ಅಷ್ಟರಲ್ಲಿ ಮಾತು ಮುಂದಕ್ಕೆ ಹೋಗಿರುತ್ತದೆ. ಕಳೆದ ತುಂಡನ್ನು ಇನ್ನೊಮ್ಮೆ ಕಳಿಸು ಎಂದು ಕೇಳುವಷ್ಟು ಪುರುಸೊತ್ತು ನಮ್ಮ ಕಸುಬಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ಎರಡು ಉಪಾಯ. ಒಂದು, ಪ್ರತಿ ತುಂಡಿನ ಬೆನ್ನಿಗೆ ಹಿಂದಿನ ತುಂಡಿನ ಒಂದು ಸಣ್ಣ ನಕಲು ಕಟ್ಟಿ ಕಳಿಸುವುದು, ಮೊದಲನೆಯದು ಕಳೆದರೆ ಎರಡನೆಯದರ ಬೆನ್ನಿನಿಂದ ಬಿಚ್ಚಿಕೊಳ್ಳಬಹುದು. ಇನ್ನೊಂದು, ಬಂದಿರುವ ತುಂಡನ್ನೇ ಒಂಚೂರು ಎಳೆದು, ತೂತಿನ ಮೇಲೆ ತೇಪೆ ಹಾಕುವುದು. ಈ ತೇಪೆಯ ಗುಟ್ಟು ಏನೆಂದರೆ, ಕೇಳುವವರಿಗೆ ಏನೋ ಕಳೆದಿದೆ ಎಂಬ ಅನುಮಾನವೇ ಬರಬಾರದು. ಒಂದೇ ನಿಯಮ ಉಂಟು. ಎರಡು ಮೂರು ತುಂಡಿನವರೆಗೆ ತೇಪೆ ಹಾಕಬಹುದು, ಅದಕ್ಕಿಂತ ಹೆಚ್ಚು ಕಳೆದರೆ ಯಂತ್ರ ಮೆಲ್ಲಗೆ ದನಿ ತಗ್ಗಿಸಿ ಸುಮ್ಮನಾಗಬೇಕು. ಇಲ್ಲದ ಮಾತನ್ನು ಹೊಲಿಯುತ್ತಾ ಹೋಗಬಾರದು.

ಇದನ್ನು ಒಮ್ಮೆ ಅಪ್ಪನಿಗೆ ಬಹಳ ಹೆಮ್ಮೆಯಿಂದ ವಿವರಿಸಿದ್ದೆ. ಎದುರಿಗೆ ಕೂತು, ಕೈಬಾಯಿ ತಿರುಗಿಸಿ ಹೇಳಿದ್ದೆನಲ್ಲ, ಅವರಿಗೆ ಚೆನ್ನಾಗಿಯೇ ಅರ್ಥವಾಗಿತ್ತು. ಮುಖ ಸಣ್ಣಗೆ ಮಾಡಿಕೊಂಡರು. ಅಪ್ಪ ಮೂವತ್ತು ವರ್ಷ ಬಟ್ಟೆ ಮಿಲ್ಲಿನಲ್ಲಿ ಮಗ್ಗ ನಡೆಸಿದವರು.

"ಎಳೆ ಕಡಿದ್ರೆ ಮಗ್ಗ ನಿಲ್ಸಿ ಗಂಟು ಹಾಕ್ಬೇಕು ಕಣಮ್ಮ. ನಿಲ್ಸದೆ ನೇಯ್ಕೊಂಡ್ ಹೋದ್ರೆ ಅದು ಡ್ಯಾಮೇಜ್ ಪೀಸು."

ನಮ್ಮಲ್ಲಿ ನಿಲ್ಲಿಸೋಕಾಗಲ್ಲ ಅಪ್ಪ, ಅದೇ ಟೆಕ್ನಾಲಜಿ ಎಂದೆ. ಅಪ್ಪ ಆಗಲಿ ಬಿಡು ಎಂದು ಪೇಪರ್ ಎತ್ತಿಕೊಂಡರು.

ತೇಪೆ ಚೆನ್ನಾಗಿದೆಯೋ ಇಲ್ಲವೋ ಎಂದು ಅಳೆಯುವುದಕ್ಕೆ ನಮ್ಮಲ್ಲಿ ಒಂದು ಪದ್ಧತಿ ಇದೆ. ಹತ್ತಾರು ಜನರನ್ನು ಕೂರಿಸಿ, ಹಾಳು ಮಾಡಿ ರಿಪೇರಿ ಮಾಡಿದ ಮಾತನ್ನು ಕೇಳಿಸಿ, ಒಂದರಿಂದ ಐದರೊಳಗೆ ಅಂಕ ಕೊಡಿ ಎನ್ನುವುದು. ನಮ್ಮದು ಏಳೇ ಜನರ ಕಂಪನಿ, ಅದರಲ್ಲಿ ಇಬ್ಬರಿಗೆ ಸದಾ ನೆಗಡಿ. ಹಾಗಾಗಿ ಕೇಳುಗರನ್ನು ನಾನು ಮನೆಯಲ್ಲೇ ಹುಡುಕಿಕೊಂಡೆ. ಅತ್ತಿಗುಪ್ಪೆಯಲ್ಲಿ ನಮ್ಮ ಮನೆ, ಕೆಳಗೆ ಅಪ್ಪ ಅಮ್ಮ, ಮೇಲೆ ನಾನು ಮತ್ತು ನನ್ನ ಗಂಡ. ಭಾನುವಾರ ತಿಂಡಿ ಆದಮೇಲೆ ಅಪ್ಪ ಅಮ್ಮ ಇಬ್ಬರ ಕಿವಿಗೂ ಒಂದೊಂದು ಹೆಡ್‌ಫೋನ್ ಹಾಕಿ ಕೂರಿಸುತ್ತಿದ್ದೆ. ಅಮ್ಮ ಒಂದು ನಿಮಿಷ ಕೇಳಿ, ಯಾರೋ ಬಾಯೊಳಗೆ ಬಿಸಿ ಬೋಂಡ ಇಟ್ಕೊಂಡು ಮಾತಾಡ್ದಂಗಿದೆ ಎಂದು ಎರಡು ಅಂಕ ಕೊಟ್ಟು ಎದ್ದು ಹೋಗುತ್ತಿದ್ದರು. ಅಪ್ಪ ಹಾಗಲ್ಲ. ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿ, ಕಛೇರಿ ಕೇಳುವವರ ಹಾಗೆ ತಲೆದೂಗಿ, ಪ್ರತಿ ಸಲವೂ ಐದು ಕೊಡುತ್ತಿದ್ದರು. ನೂರರಲ್ಲಿ ಮೂವತ್ತು ತುಂಡು ಕಳೆದ ಮಾತಿಗೂ ಐದು. ಒಮ್ಮೆ ಫೈಲ್ ಶುರು ಮಾಡುವುದನ್ನೇ ಮರೆತಿದ್ದೆ, ಅದಕ್ಕೂ ಐದು. ನನಗೆ ಅನುಮಾನ ಬರಬೇಕಿತ್ತು. ಆದರೆ ಹೊಗಳಿಸಿಕೊಳ್ಳುವ ಚಟ ಇರುವವರಿಗೆ ಅನುಮಾನ ಅಷ್ಟು ಸುಲಭಕ್ಕೆ ಬರುವುದಿಲ್ಲ. ಅಪ್ಪನದು ಸೂಕ್ಷ್ಮ ಕಿವಿ, ಅಮ್ಮನದು ಹೊಟ್ಟೆಕಿಚ್ಚು ಎಂದು ತೀರ್ಮಾನ ಮಾಡಿ, ಅಮ್ಮನ ಎರಡನ್ನು ಪಕ್ಕಕ್ಕಿಟ್ಟು, ಅಪ್ಪನ ಐದನ್ನು ರಿಪೋರ್ಟಿಗೆ ಸೇರಿಸಿದೆ. ನಮ್ಮ ಬಾಸ್ ಅದನ್ನು ನೋಡಿ, ಯಾರ್ರೀ ಇವರು, ಕನ್ಸಲ್ಟೆಂಟ್ ಮಾಡ್ಕೊಳೋಣ ಎಂದಿದ್ದರು.

ಇನ್ನು ಹೊನ್ನಯ್ಯ ಮಾವನ ವಿಷಯಕ್ಕೆ ಬರಬೇಕು. ಮಾವ ಎಂದರೆ ರಕ್ತಸಂಬಂಧವಲ್ಲ, ಮಗ್ಗಸಂಬಂಧ. ಮಿಲ್ಲಿನಲ್ಲಿ ಅಪ್ಪನ ಮಗ್ಗದ ಎದುರು ಸಾಲಿನ ಮಗ್ಗ ಅವರದು. ನೂರಾರು ಮಗ್ಗಗಳು ಒಟ್ಟಿಗೆ ಬಡಿಯುವ ಆ ಶೆಡ್ಡಿನಲ್ಲಿ ಪಕ್ಕದಲ್ಲಿ ಪಟಾಕಿ ಹೊಡೆದರೂ ಗೊತ್ತಾಗುತ್ತಿರಲಿಲ್ಲವಂತೆ. ಆದ್ದರಿಂದ ಅಲ್ಲಿ ಯಾರೂ ಗಂಟಲಿನಿಂದ ಮಾತಾಡುತ್ತಿರಲಿಲ್ಲ. ತುಟಿ ಅಗಲವಾಗಿ ಆಡಿಸುವುದು, ಮಿಕ್ಕಿದ್ದಕ್ಕೆ ಕೈ. ಹೆಬ್ಬೆರಳು ತಿರುಗಿಸಿದರೆ ಕಾಫಿ, ಭುಜದ ಮೇಲೆ ಎರಡು ಬೆರಳಿಟ್ಟರೆ ಸೂಪರ್‌ವೈಸರ್ ಬರುತ್ತಿದ್ದಾನೆ, ಅಂಗೈ ಮುಂದೆ ಚಾಚಿದರೆ ಮಗ್ಗ ನಿಲ್ಲಿಸು. ನಲವತ್ತು ಅಡಿ ದೂರದಿಂದ ಇಬ್ಬರೂ ಊರ ಸಮಾಚಾರವೆಲ್ಲ ಹಂಚಿಕೊಳ್ಳುತ್ತಿದ್ದರು. ಮಿಲ್ಲು ಮುಚ್ಚಿತು, ಅಲ್ಲೀಗ ದೊಡ್ಡ ಅಪಾರ್ಟ್‌ಮೆಂಟು ನಿಂತಿದೆ. ಮಾವ ಕೆಂಗೇರಿ ಉಪನಗರದಲ್ಲಿ ಮನೆ ಕಟ್ಟಿಕೊಂಡು ಹೋದರು. ಮಂಡಿ ನೋವು ಶುರುವಾದ ಮೇಲೆ ಇಬ್ಬರೂ ಭೇಟಿಯಾಗುವುದು ಮದುವೆ ಮುಂಜಿಗಳಲ್ಲಿ ಮಾತ್ರ ಎಂಬಂತಾಯಿತು.

ಆಗ ನಾನು ದೊಡ್ಡ ಉಪಕಾರಿಯ ಹಾಗೆ ಇಬ್ಬರ ಫೋನಿಗೂ ನಮ್ಮ ಆ್ಯಪ್ ಹಾಕಿಕೊಟ್ಟೆ. ಸಂಜೆ ಐದೂವರೆಗೆ ದಿನಾ ಕರೆ. ಶುರುವಿನಲ್ಲಿ ಒಂದು ಸಲ ಅಪ್ಪ, ಮುಖ ಕಾಣೋ ಥರದ್ದು ಹಾಕಿಕೊಡೋಕಾಗಲ್ವಾಮ್ಮ ಎಂದು ಕೇಳಿದ್ದರು. ನಮ್ಮ ಆ್ಯಪಿನಲ್ಲಿ ಮುಖ ಇರಲಿಲ್ಲ, ಬರೀ ಮಾತು. ಬೇರೆ ಕಂಪನಿಯದನ್ನು ನಮ್ಮ ಮನೆಯಲ್ಲೇ ಹಾಕಿಕೊಟ್ಟರೆ ನನ್ನ ಮರ್ಯಾದೆ ಏನಾಗಬೇಕು?

"ಮುಖ ನೋಡಿ ಏನ್ಮಾಡ್ತೀರಪ್ಪ, ಅದೇ ಹಳೇ ಮುಖ. ವಾಯ್ಸ್ ಕ್ಲಾರಿಟಿ ನೋಡಿ," ಎಂದಿದ್ದೆ.

ಈ ಮಾತನ್ನು ನಾನು ಆಡಿದ್ದೆ ಎಂಬುದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನಂತೂ ಮರೆತಿಲ್ಲ.

ನಾಲ್ಕು ವರ್ಷ ಒಂದು ದಿನವೂ ಕರೆ ತಪ್ಪಲಿಲ್ಲ. ಅಪ್ಪ ಕುರ್ಚಿಯನ್ನು ವರಾಂಡಕ್ಕೆ ಎಳೆದುಕೊಂಡು, ಫೋನನ್ನು ಬಲಗಿವಿಗೆ ಒತ್ತಿಕೊಂಡು ಶುರು ಮಾಡುತ್ತಿದ್ದರು. ಮೊದಲು ಮಳೆ, ಆಮೇಲೆ ಮಂಡಿ, ಆಮೇಲೆ ಬೆಳಗಿನ ತಿಂಡಿ, ಕೊನೆಗೆ ಹಳೆ ಮಿಲ್ಲಿನವರಲ್ಲಿ ಯಾರು ಹೇಗಿದ್ದಾರೆ ಎಂಬ ಸುದ್ದಿ. ಈ ಕ್ರಮ ದೇವಸ್ಥಾನದ ಮಂಗಳಾರತಿಯಷ್ಟು ಗಟ್ಟಿ. ಆ ಕಡೆಯವರು ಮಾತಾಡುವ ಹೊತ್ತಿಗೆ ಅಪ್ಪನ ಬತ್ತಳಿಕೆಯಲ್ಲಿ ನಾಲ್ಕು ಬಾಣ ಇದ್ದವು. ಹ್ಞೂಂ. ಹೌದೌದು. ಆಗ್ಲಿ ಆಗ್ಲಿ. ಬಹಳ ಸಂತೋಷ. ಇವನ್ನು ಸರದಿಯ ಮೇಲೆ ಬಿಡುತ್ತಿದ್ದರು. ನಾನು ಆಫೀಸಿನಿಂದ ಬಂದು ಚಪ್ಪಲಿ ಬಿಡುವ ಹೊತ್ತಿಗೆ ಇದನ್ನು ಕೇಳಿ, ನಮ್ಮ ಆ್ಯಪಿನಲ್ಲಿ ಎಷ್ಟು ಸೊಗಸಾಗಿ ಮಾತು ಸಾಗುತ್ತಿದೆ ಎಂದು ಬೀಗುತ್ತಾ ಮೆಟ್ಟಿಲು ಹತ್ತುತ್ತಿದ್ದೆ.

ಒಂದು ಸೋಮವಾರ ಕರೆ ಬರಲಿಲ್ಲ. ಮಂಗಳವಾರವೂ ಇಲ್ಲ. ಅಪ್ಪ ಐದೂವರೆಗೆ ಸರಿಯಾಗಿ ಕುರ್ಚಿ ಎಳೆದುಕೊಂಡು ಕೂರುವುದು, ಆರೂಕಾಲಿಗೆ ಕುರ್ಚಿ ಒಳಗಿಡುವುದು. ನೀವೇ ಮಾಡಿ ಎಂದರೆ, ಅವನೇ ಮಾಡ್ಲಿ ಎನ್ನುತ್ತಿದ್ದರು. ಗುರುವಾರ ತಾವೇ ಮಾಡಿದರು. ಆ ಕಡೆ ಕರೆಯನ್ನು ಕತ್ತರಿಸಿದರು. ಶುಕ್ರವಾರವೂ ಹಾಗೇ ಆಯಿತು. ಶನಿವಾರ ಅಪ್ಪ ಕುರ್ಚಿ ಎಳೆದುಕೊಳ್ಳಲೇ ಇಲ್ಲ, ಸಂಜೆ ಲೈಟ್ ಹಾಕದೆ ಹಾಲಿನಲ್ಲಿ ಕೂತಿದ್ದರು. ಕೊನೆಯ ಸಲ ಏನು ಮಾತಾಡಿದಿರಿ ಎಂದರೆ, ಮಾಮೂಲಿ ಎಂದರು. ಜಗಳ ಆಯಿತೇ ಎಂದರೆ, ಬಹಳ ಸಂತೋಷ ಎಂದರು. ಆಗಲೂ ನನಗೆ ಟ್ಯೂಬ್‌ಲೈಟ್ ಹತ್ತಲಿಲ್ಲ.

ಬದಲಿಗೆ ನಾನು ಏನು ಮಾಡಿದೆ ಎಂದರೆ, ಲ್ಯಾಪ್‌ಟಾಪ್ ತೆಗೆದೆ. ತಪ್ಪು ನೆಟ್‌ವರ್ಕಿನದ್ದೇ, ಏನೋ ಮುಖ್ಯವಾದ ಮಾತು ದಾರಿಯಲ್ಲಿ ಬಿದ್ದುಹೋಗಿದೆ, ಹುಡುಕಿ ತೆಗೆಯುತ್ತೇನೆ ಎಂದು. ಮಾತು ನಮ್ಮ ಬಳಿ ಉಳಿಯುವುದಿಲ್ಲ. ಎಷ್ಟು ತುಂಡು ಹೊರಟವು, ಎಷ್ಟು ತಲುಪಿದವು ಎಂಬ ದಾಖಲೆ ಮಾತ್ರ ಇರುತ್ತದೆ. ಹಿಂದಿನ ಭಾನುವಾರದ ಕರೆ, ಹನ್ನೊಂದು ನಿಮಿಷ. ಕಳೆದುಹೋದ ತುಂಡುಗಳು: ಸೊನ್ನೆ. ನನ್ನ ಇಡೀ ಸರ್ವೀಸಿನಲ್ಲಿ ಅಂಥ ಸ್ವಚ್ಛವಾದ ಕರೆಯನ್ನು ನಾನು ನೋಡಿರಲಿಲ್ಲ. ಹೊನ್ನಯ್ಯ ಮಾವನ ಒಂದೊಂದು ಉಸಿರೂ ಕೆಂಗೇರಿಯಿಂದ ಹೊರಟು ಅಪ್ಪನ ಬಲಗಿವಿಯ ಬಾಗಿಲಿನವರೆಗೂ ಬಂದಿತ್ತು.

ಎಲ್ಲಾ ಸರಿಯಾಗೇ ಬಂದಿದೆಯಲ್ಲಪ್ಪ, ಅವರು ಹೇಳಿದ್ದು ನಿಮಗೆ ಕೇಳಿಸಲಿಲ್ವಾ ಎಂದು ಅಪ್ಪನ ಬೆನ್ನ ಹಿಂದಿನಿಂದ ಕೇಳಿದೆ. ಅಪ್ಪ ಗೋಡೆ ನೋಡುತ್ತಿದ್ದರು. ಇನ್ನೊಮ್ಮೆ ಕೇಳಿದೆ. ಗೋಡೆ. ಅಡುಗೆಮನೆಯಿಂದ ಅಮ್ಮ, ಹುರುಳಿಕಾಯಿ ಮುರಿಯುವುದನ್ನು ನಿಲ್ಲಿಸದೆ ಹೇಳಿದರು.

"ಅವ್ರಿಗೆ ಕಿವಿ ಕೇಳ್ಸಲ್ಲ ಕಣೇ. ಎಷ್ಟೋ ವರ್ಷ ಆಯ್ತು."

ಎಷ್ಟೋ ವರ್ಷ! ಮತ್ತೆ ಯಾಕೆ ಹೇಳಲಿಲ್ಲ ಎಂದು ಅಮ್ಮನ ಮೇಲೆ ಎಗರಾಡಿದೆ. ಅಮ್ಮ ಸಮಾಧಾನವಾಗಿ, ಕೇಳಿಸುತ್ತಿದ್ದಾಗಲೂ ಏನು ಕೇಳುತ್ತಿದ್ದರು ಎಂದರು. ಅದೂ ಅಲ್ಲದೆ ಅವರಿಗೆ ಗೊತ್ತಾಗದ ಹಾಗೆ ಬೈದುಕೊಂಡು ಓಡಾಡುವುದು ತಮಗೂ ಅಭ್ಯಾಸವಾಗಿಹೋಗಿತ್ತಂತೆ, ಮನಸ್ಸು ಹಗುರವಾಗುತ್ತಿತ್ತಂತೆ. ಆಮೇಲೆ, ಅವರೇ ಮುಚ್ಚಿಟ್ಟುಕೊಂಡಿರುವುದನ್ನು ನಾನು ಹೇಗಮ್ಮ ಬಿಚ್ಚಲಿ ಎಂದರು. ಮಿಲ್ಲಿನಿಂದ ಬಂದ ಮೇಲೆ ಆ ಮನುಷ್ಯನ ಹತ್ತಿರ ಉಳಿದಿದ್ದದ್ದು ಐದೂವರೆಯ ಆ ಮಾತೊಂದೇ. ಕಿವಿ ಹೋಗಿದೆ ಎಂದರೆ ಅದೂ ಹೋಗುತ್ತದಲ್ಲ ಎಂಬ ಭಯ ಅವರಿಗೆ. ನನಗೆ ನಾಚಿಕೆಯಾಯಿತು. ಬೇರೆಯವರ ಮಾತಿನ ತೂತುಗಳನ್ನು ಹುಡುಕಿ ಮುಚ್ಚಲು ಸಂಬಳ ತೆಗೆದುಕೊಳ್ಳುವವಳು ನಾನು, ನನ್ನ ಮನೆಯಲ್ಲೇ ಒಬ್ಬರು ನಾಲ್ಕು ಬಾಣ ಇಟ್ಟುಕೊಂಡು ವರ್ಷಗಟ್ಟಲೆ ತೇಪೆ ಹಾಕುತ್ತಿದ್ದರೆ ನನಗೆ ತಿಳಿದಿರಲಿಲ್ಲ. ಐದಕ್ಕೆ ಐದು ಕೊಡಬೇಕಾದದ್ದು ಅವರ ತೇಪೆಗೆ.

ಮಾರನೇ ದಿನ ಭಾನುವಾರ, ಅಪ್ಪನಿಗೆ ಹೇಳದೆ ಮೆಟ್ರೋ ಹತ್ತಿ ಕೆಂಗೇರಿಗೆ ಹೋದೆ. ಹೊನ್ನಯ್ಯ ಮಾವ ಜಗಲಿಯ ಮೇಲೆ ಕೂತಿದ್ದರು. ನನ್ನನ್ನು ನೋಡಿ ಮುಖ ಆ ಕಡೆ ತಿರುಗಿಸಿದರು. ಅವರ ಹೆಂಡತಿ ಜಯಮ್ಮತ್ತೆ ಒಳಗೆ ಕರೆದುಕೊಂಡು ಹೋಗಿ, ಕಾಫಿ ಕೊಟ್ಟು, ಎಲ್ಲವನ್ನೂ ಹೇಳಿದರು. ಮಾವನ ಬಲಗಣ್ಣಿನ ಪೊರೆ ಪೂರ್ತಿ ಬಲಿತುಹೋಗಿದೆ, ಎಡಗಣ್ಣಿಗೂ ಶುರುವಾಗಿದೆ. ಇನ್ನು ತಡ ಮಾಡಬೇಡಿ ಎಂದು ಡಾಕ್ಟರು ಹೇಳಿ ಹೋದ ಸೋಮವಾರಕ್ಕೆ ಆಪರೇಷನ್ ಗೊತ್ತು ಮಾಡಿದ್ದರು. ಮಾವನಿಗೆ ಹೆದರಿಕೆ. ನಿಮ್ಮಪ್ಪ ಬಂದು ಪಕ್ಕದಲ್ಲಿ ನಿಂತರೆ ಮಾಡಿಸಿಕೊಳ್ಳುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದು ಹಟ. ಅದರ ಹಿಂದಿನ ದಿನ, ಭಾನುವಾರದ ಕರೆಯಲ್ಲಿ ಮಳೆ ಮಂಡಿ ಎಲ್ಲಾ ಬಿಟ್ಟು ನೇರವಾಗಿ ಅದನ್ನೇ ಕೇಳಿದ್ದಾರೆ. ಎಂದೂ ಇಲ್ಲದವರು ಅವತ್ತು ಜಯಮ್ಮತ್ತೆಯನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು, ಸ್ಪೀಕರ್ ಹಾಕಿ, ಅವನು ಏನಂದ ಹೇಳು ಎಂದಿದ್ದಾರೆ. ಈ ಕಡೆಯಿಂದ ಅಪ್ಪ, ಬಹಳ ಸಂತೋಷ, ಆಗ್ಲಿ ಆಗ್ಲಿ ಎಂದಿದ್ದಾರೆ.

ಸೋಮವಾರ ಮಾವ ಆಸ್ಪತ್ರೆಯಲ್ಲಿ ಕಣ್ಣಿಗೆ ಡ್ರಾಪ್ಸ್ ಹಾಕಿಸಿಕೊಂಡು, ಹಸಿರು ಟೋಪಿ ಹಾಕಿಕೊಂಡು, ಬಾಗಿಲ ಕಡೆಯೇ ನೋಡುತ್ತಾ ಮಧ್ಯಾಹ್ನದವರೆಗೆ ಕೂತಿದ್ದರಂತೆ. ನರ್ಸು ಮೂರು ಸಲ ಕರೆದರೂ ಏಳಲಿಲ್ಲವಂತೆ. ಕೊನೆಗೆ ಟೋಪಿ ತೆಗೆದು ಬೆಂಚಿನ ಮೇಲಿಟ್ಟು, ನಡಿ ಮನೆಗೆ ಎಂದರಂತೆ.

ನಾನು ಹೊರಗೆ ಬಂದು ಮಾವನ ಪಕ್ಕ ಕೂತೆ. ಅಪ್ಪನ ತಪ್ಪಿಲ್ಲ ಮಾವ ಎಂದು ಶುರು ಮಾಡಿದೆ. ಮಾವ ಬೀದಿ ನೋಡುತ್ತಾ, ಮಳೆ ಚೆನ್ನಾಗಿ ಆಯ್ತು ಎಂದರು. ನಿಮಗೆ ಇನ್ನೊಂದು ತಾರೀಖು ಕೊಟ್ಟಿದ್ದಾರಾ ಎಂದೆ. ಮಂಡಿ ಹಂಗೇ ಐತೆ ಎಂದರು. ಈ ಕ್ರಮ ನನಗೆ ಗೊತ್ತಿತ್ತು. ಎದ್ದು ಹೋಗಿ ಅವರ ಎದುರು ಕುಕ್ಕರುಗಾಲಲ್ಲಿ ಕೂತು, ಎಡಗಣ್ಣಿಗೆ ಕಾಣುವ ಹಾಗೆ ಮುಖ ಹಿಡಿದು, ತುಟಿ ಅಗಲ ಮಾಡಿ, ಅಪ್ಪನೇ ಯಾಕೆ ಬರಬೇಕಿತ್ತು ಎಂದು ಕೇಳಿದೆ. ಈ ಸಲ ಉತ್ತರ ಸರಿಯಾಗಿ ಬಂತು.

"ಡಾಕ್ಟ್ರು ಬಾಯಿಗೆ ಬಟ್ಟೆ ಕಟ್ಕೊಂಡ್ ಮಾತಾಡ್ತಾರಲ್ಲವ್ವ, ನಂಗೆ ತುಟಿ ಕಾಣಲ್ಲ. ನಿಮ್ಮಪ್ಪನ ಕಿವಿ ಚೆನ್ನಾಗೈತೆ, ಪಕ್ಕದಲ್ಲಿ ನಿಂತು ಹೇಳ್ತಿದ್ದ."

ಅದೇ ಮಗ್ಗಗಳು, ಅದೇ ಶೆಡ್ಡು, ಅದೇ ಮೂವತ್ತು ವರ್ಷ. ಒಬ್ಬರ ಕಿವಿ ತಿಂದದ್ದು ಇನ್ನೊಬ್ಬರದನ್ನು ಬಿಟ್ಟೀತೇ? ನಾಲ್ಕು ವರ್ಷ ದಿನಕ್ಕೆ ಹತ್ತು ನಿಮಿಷ, ಇಬ್ಬರೂ ಒಬ್ಬರಿಗೊಬ್ಬರು ಕೇಳಿಸುತ್ತಿದೆ ಎಂದುಕೊಂಡು, ತನಗೆ ಕೇಳಿಸುತ್ತಿಲ್ಲ ಎಂಬುದನ್ನು ಮಾತ್ರ ಮುಚ್ಚಿಟ್ಟುಕೊಂಡು ಮಾತಾಡಿದ್ದರು. ಮಳೆ ಆದಮೇಲೆ ಮಂಡಿ, ಮಂಡಿ ಆದಮೇಲೆ ತಿಂಡಿ ಎಂಬ ಕ್ರಮ ಇದ್ದದ್ದಕ್ಕೆ ಬಂಡಿ ಓಡಿತ್ತು. ಕ್ರಮ ತಪ್ಪಿದ ಒಂದೇ ದಿನ, ಆ ಒಂದು ಮಾತು ಕಿವಿಯ ಬಾಗಿಲಲ್ಲೇ ಬಿದ್ದುಹೋಗಿತ್ತು. ನಾನು ಮಾವನಿಗೆ ತುಟಿಯಲ್ಲೇ ಹೇಳಿದೆ. ಅಪ್ಪನಿಗೂ ಕೇಳಿಸಲ್ಲ ಮಾವ. ವರ್ಷಗಳಿಂದ ಕೇಳಿಸಲ್ಲ. ಮಾವ ಬಹಳ ಹೊತ್ತು ನನ್ನ ಬಾಯನ್ನೇ ನೋಡುತ್ತಿದ್ದರು, ಓದಿದ್ದು ತಪ್ಪಿರಬಹುದು ಎಂಬಂತೆ. ಆಮೇಲೆ ಕೇಳಿದರು.

"ಹಂಗಾದ್ರೆ ನಾಲ್ಕು ವರ್ಷ ನಾನ್ ಯಾರ್ ಹತ್ರ ಮಾತಾಡ್ದೆ?"

ಅಪ್ಪ ಮುಖ ಕಾಣುವ ಆ್ಯಪ್ ಕೇಳಿದ್ದು ಯಾಕೆಂದು ಆಗ ಹೊಳೆಯಿತು. ಮುಖ ಕಂಡಿದ್ದರೆ ಸಾಕಿತ್ತು, ಒಂದು ಅಕ್ಷರವೂ ಬೀಳುತ್ತಿರಲಿಲ್ಲ. ಕಳೆದ ಮಾತು ಹುಟ್ಟಿಸುವ ಪಂಡಿತೆ ನಾನು, ಇವರಿಬ್ಬರ ಮಾತನ್ನು ಕೈಯಾರೆ ಕಳೆದಿದ್ದೆ. ಈಗ ಮಾವನ ಕಣ್ಣು ಪೂರ್ತಿ ಹೋದರೆ ತುಟಿಯೂ ಇಲ್ಲ, ಕೈಯೂ ಇಲ್ಲ, ಏನೂ ಇಲ್ಲ.

ಮನೆಗೆ ಬಂದು ಅಪ್ಪನ ಎದುರು ಕುರ್ಚಿ ಹಾಕಿಕೊಂಡು ಕೂತೆ. ಗಂಟಲಿನಿಂದ ಒಂದು ಚೂರೂ ಸದ್ದು ಹೊರಡಿಸದೆ, ಬರೀ ತುಟಿಯಲ್ಲಿ, ಸೋಮವಾರ ಹೊನ್ನಯ್ಯ ಮಾವನಿಗೆ ಕಣ್ಣಿನ ಆಪರೇಷನ್ ಇತ್ತು, ನಿಮ್ಮನ್ನು ಬಾ ಎಂದು ಕೇಳಿದ್ದರು, ನೀವು ಆಗ್ಲಿ ಎಂದು ಹೇಳಿ ಹೋಗಲಿಲ್ಲ ಎಂದು ಹೇಳಿದೆ. ಒಂದಕ್ಷರ ಬಿಡದೆ ಓದಿಕೊಂಡರು. ಸದ್ದಿಲ್ಲದೆ ಹೇಳಿದ್ದು ಅರ್ಥವಾಯಿತು ಎಂದರೆ ತಮ್ಮ ಗುಟ್ಟು ಹೊರಬಿತ್ತು ಎಂಬುದೂ ಅವರಿಗೆ ತಿಳಿಯಿತು. ಮುಖ ಕಪ್ಪಿಟ್ಟಿತು.

"ಎಳೆ ಕಡಿದಿತ್ತು ಕಣಮ್ಮ," ಎಂದರು. "ನಾನು ನಿಲ್ಲಿಸ್ಲಿಲ್ಲ."

ಮಾವನಿಗೂ ಕೇಳಿಸುವುದಿಲ್ಲ ಎಂಬುದನ್ನು ನಾನು ಹೇಳಲಿಲ್ಲ. ಅದು ಅವರ ಗುಟ್ಟು, ಅವರೇ ಹೇಳಲಿ. ಅಪ್ಪ ಎದ್ದು ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು, ಮಂಡಿ ನೋವು ಗಿಂಡಿ ನೋವು ಎನ್ನದೆ, ನಡಿ ಎಂದರು.

ಕೆಂಗೇರಿ ಸ್ಟೇಷನ್ನಿನಲ್ಲಿ ಇಳಿದೆವು. ರೈಲು ಮುಂದಕ್ಕೆ ಹೋಯಿತು. ಆಚೆ ಪ್ಲಾಟ್‌ಫಾರ್ಮಿನಲ್ಲಿ, ಸಿಟಿ ಕಡೆ ಹೋಗುವ ರೈಲಿಗೆ ಕಾಯುತ್ತಾ, ಬಿಳಿ ಪಂಚೆ ಉಟ್ಟು ಕೈಯಲ್ಲಿ ಕೊಡೆ ಹಿಡಿದು ಹೊನ್ನಯ್ಯ ಮಾವ ನಿಂತಿದ್ದರು. ನಾನು ಹೊರಟು ಬಂದ ಮೇಲೆ ಅವರೂ ಕೂತಲ್ಲಿ ಕೂರಲಾರದೆ ಅತ್ತಿಗುಪ್ಪೆಗೆ ಹೊರಟಿದ್ದಾರೆ. ಮಧ್ಯೆ ಎರಡು ಸಾಲು ಹಳಿ, ಹೆಚ್ಚುಕಡಿಮೆ ಹಳೇ ಮಗ್ಗದ ಸಾಲುಗಳ ನಡುವಿದ್ದಷ್ಟೇ ದೂರ. ಮಾವ ಎಡಗಣ್ಣು ಕಿರಿದು ಮಾಡಿ ಈ ಕಡೆ ನೋಡಿದರು. ಅಪ್ಪ ಅಂಗೈ ಮುಂದೆ ಚಾಚಿದರು. ಮಗ್ಗ ನಿಲ್ಲಿಸು.

ಆಮೇಲೆ ನಡೆದ ಮಾತುಕತೆಯಲ್ಲಿ ನನಗೆ ಅರ್ಥವಾದದ್ದು ಬಹಳ ಕಡಿಮೆ. ಅಪ್ಪ ಬಲಗಿವಿಯನ್ನು ಮುಟ್ಟಿ, ಕೈ ಕೊಡವಿದರು. ಹೋಯಿತು ಎಂದು. ಮಾವ ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ತಮ್ಮ ಎರಡೂ ಕಿವಿ ಮುಟ್ಟಿ, ಎರಡೂ ಕೈ ಕೊಡವಿದರು. ಅಪ್ಪ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಆ ಕಡೆ ಮಾವನೂ ಕಂಬ ಹಿಡಿದುಕೊಂಡು ನಗುತ್ತಿದ್ದರು. ಹಳದಿ ಗೆರೆಯಿಂದ ಹಿಂದೆ ಬನ್ನಿ ಎಂದು ಸೆಕ್ಯೂರಿಟಿಯವರು ಎರಡೂ ಕಡೆಯಿಂದ ಸೀಟಿ ಊದುತ್ತಿದ್ದರು. ಊದುವುದು ಯಾರಿಗೆ ಕೇಳಬೇಕು? ನಾನೇ ಅಪ್ಪನ ಶರ್ಟ್ ಹಿಡಿದು ಹಿಂದಕ್ಕೆ ಎಳೆದೆ. ಅಷ್ಟರಲ್ಲಿ ಸಿಟಿ ಕಡೆಯ ರೈಲು ಬಂದು ಮಧ್ಯೆ ನಿಂತಿತು. ಮಾವ ಹತ್ತಿಬಿಟ್ಟರೆ ಅವರು ಅತ್ತಿಗುಪ್ಪೆಯಲ್ಲಿ, ನಾವು ಕೆಂಗೇರಿಯಲ್ಲಿ ಎಂದು ನನಗೆ ಗಾಬರಿ. ಅಪ್ಪ ಮಾತ್ರ ರೈಲಿನ ಗಾಜಿನ ಕಡೆಗೇ ತುಟಿ ಆಡಿಸುತ್ತಿದ್ದರು. ರೈಲು ಹೋಯಿತು. ಮಾವ ಅಲ್ಲೇ ನಿಂತು ಉತ್ತರ ಕೊಡುತ್ತಿದ್ದರು. ಗಾಜಿನ ಆಚೆಯಿಂದ ಅದನ್ನೂ ಓದಿದ್ದರೋ, ಅಪ್ಪ ಏನು ಕೇಳುತ್ತಾರೆ ಎಂದು ಮೊದಲೇ ಗೊತ್ತಿತ್ತೋ, ಇವತ್ತಿಗೂ ನನಗೆ ತಿಳಿಯದು.

ಏನಂತೆ ಎಂಬಂತೆ ಅಪ್ಪನ ಮುಖ ನೋಡಿದೆ. ನಾಳೆಯಲ್ಲ, ಮುಂದಿನ ಸೋಮವಾರ ಕಣ್ಣು ಮಾಡಿಸಿಕೊಳ್ಳುತ್ತಾನಂತೆ, ನಾನು ಹೋಗಬೇಕಂತೆ ಎಂದರು. ಮಾವ ಆ ಕಡೆಯಿಂದ ನನ್ನತ್ತ ತಿರುಗಿ ಏನೋ ಹೇಳಿದರು. ನನಗೆ ಒಂದು ಚೂರೂ ಅರ್ಥವಾಗಲಿಲ್ಲ. ನಾನು ನಗುತ್ತಾ, ಹ್ಞೂಂ ಎಂದು ತಲೆಯಾಡಿಸಿದೆ.

ಆ ಸೋಮವಾರ ಅಪ್ಪ ಹೋದರು. ಮೊದಲೇ ನಾನು ಡಾಕ್ಟರಿಗೆ ಹೇಳಿದ್ದರಿಂದ, ಅವರು ಒಳಗೆ ಹೋಗುವ ಮುನ್ನ ಮಾಸ್ಕ್ ಇಳಿಸಿ, ಮಾಡುವುದನ್ನೆಲ್ಲ ಅಪ್ಪನಿಗೂ ಮಾವನಿಗೂ ತುಟಿಯಲ್ಲಿ ವಿವರಿಸಿದರು. ಮಾವ ಕಣ್ಣು ಮುಚ್ಚಿ ಮಲಗುವವರೆಗೂ ಅಪ್ಪ ಕೈ ಹಿಡಿದುಕೊಂಡಿದ್ದರು. ಆಮೇಲೆ ಮಾವನ ಎಡಗಣ್ಣಿನದೂ ಆಯಿತು, ಇಬ್ಬರಿಗೂ ಒಂದೊಂದು ಕಿವಿ ಮಿಷನ್ ಬಂತು. ಮಿಷನ್ ಹಾಕಿಕೊಂಡ ಮೊದಲ ಭಾನುವಾರ ಅಪ್ಪ ತಾವಾಗಿಯೇ ಹೆಡ್‌ಫೋನ್ ಕೇಳಿ ತೆಗೆದುಕೊಂಡು, ನಾನು ರಿಪೇರಿ ಮಾಡಿದ ಮಾತನ್ನು ಪೂರ್ತಿ ಕೇಳಿ, ಇದೇನಮ್ಮ ಬಕೆಟ್ ಒಳಗೆ ಕೂತ್ಕೊಂಡು ಮಾತಾಡ್ದಂಗಿದೆ ಎಂದು ಎರಡು ಅಂಕ ಕೊಟ್ಟರು. ಅಮ್ಮ ಅಡುಗೆಮನೆಯಿಂದಲೇ ನಕ್ಕರು. ಪಾಪ, ಅವರ ನಗು ಬಹಳ ದಿನ ನಿಲ್ಲಲಿಲ್ಲ. ಬೈಗುಳಗಳನ್ನು ಈಗ ಅವರೂ ತುಟಿಯೊಳಗೇ ಆಡಬೇಕಾಯಿತು, ಅದನ್ನು ಅಪ್ಪ ಇನ್ನೂ ಚೆನ್ನಾಗಿ ಓದುತ್ತಾರೆ. ನಾನು ಆಫೀಸಿಗೆ ಹೋಗಿ, ಹಳೆಯ ಐದುಗಳನ್ನೆಲ್ಲ ತೆಗೆಸಿ, ಕಾರಣ ಹೇಳಿದೆ. ಬಾಸ್ ತಲೆ ಮೇಲೆ ಕೈ ಹೊತ್ತು ಕೂತರು.

ಇದೆಲ್ಲ ಆಗಿ ಎರಡು ವರ್ಷದ ಮೇಲಾಯಿತು. ಮೊನ್ನೆ ಕ್ಯಾಲೆಂಡರಿನ ಹಾಳೆ ಹಿಡಿದು ನಿಂತಿದ್ದಾಗ ಐದೂವರೆ ಆಯಿತು. ಅಪ್ಪ ಕಿವಿಯಿಂದ ಮಿಷನ್ ತೆಗೆದು ಡಬ್ಬಿಗೆ ಹಾಕಿದರು. ಬ್ಯಾಟರಿ ಉಳಿಯುತ್ತದೆ ಎಂಬುದು ಅವರ ನೆಪ. ಸಕ್ಕರೆ ಡಬ್ಬಿಗೆ ಫೋನ್ ಒರಗಿಸಿ, ಬೇರೆ ಕಂಪನಿಯ, ಮುಖ ಕಾಣುವ ಆ್ಯಪ್ ತೆರೆದು, ಸದ್ದನ್ನು ಪೂರ್ತಿ ಕಡಿಮೆ ಮಾಡಿ ಕೂತರು. ಅಲ್ಲಿ ಹೊನ್ನಯ್ಯ ಮಾವ, ಎರಡೂ ಕಣ್ಣು ಮಿಣಮಿಣ. ಇಬ್ಬರ ತುಟಿಯೂ ಕೈಯೂ ಶುರುವಾದವು. ಮನೆಯಲ್ಲಿ ಒಂದು ಸದ್ದಿಲ್ಲ. ಮಾವನಿಗೆ ಅಪ್ಪನ ಭುಜದ ಹಿಂದೆ ನಾನು ಕಂಡೆ. ನನ್ನ ಕಡೆಗೆ ನೋಡಿ ಏನೋ ಕೇಳಿದರು.

ಹ್ಞೂಂ ಎಂದು ತಲೆಯಾಡಿಸಲು ಹೊರಟವಳು ನಿಲ್ಲಿಸಿದೆ. ಅಂಗೈ ಮುಂದೆ ಚಾಚಿದೆ. ತುಟಿ ಅಗಲ ಮಾಡಿ, ಗೊತ್ತಾಗ್ಲಿಲ್ಲ ಮಾವ, ಇನ್ನೊಂದ್ ಸಲ ಹೇಳಿ ಎಂದೆ.

ಮಾವ ಇನ್ನೊಂದು ಸಲ ಹೇಳಿದರು. ಆಗಲೂ ತಿಳಿಯಲಿಲ್ಲ. ಮತ್ತೆ ಅಂಗೈ ಚಾಚಿದೆ. ಅವರು ಬೇಸರವಿಲ್ಲದೆ, ಹೆಬ್ಬೆರಳು ತಿರುಗಿಸಿ, ನಿಧಾನವಾಗಿ ಮೂರನೇ ಸಲ ಹೇಳಿದರು. ಕಾಫಿ ಆಯ್ತಾ ಎಂದು ಕೇಳುತ್ತಿದ್ದರು.

ಇನ್ನೂ ಇಲ್ಲ ಮಾವ ಎಂದೆ.